ಮಗನ ಎದೆಯ ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿಸಿದ ಪರೀಕ್ಷೆಗಳು

ನನ್ನ ಹಿರಿಯ ಮಗನಿಗೆ ಎದೆಯ ನಡುಮೂಳೆ ಚಿಕ್ಕಂದಿನಿಂದಲೇ ಒಳಕ್ಕೆ ತಗ್ಗಿತ್ತು. ಎತ್ತರ ಬೆಳೆಯತೊಡಗಿದ ಮೇಲೆ ತಗ್ಗು ಇನ್ನೂ ಆಳವಾಯಿತು. ಈಗ ಅವನಿಗೆ ಹದಿಮೂರು ವರ್ಷ. ಕಬಡ್ಡಿಯಲ್ಲಿ ಒಂದು ರೇಡ್ ಮುಗಿಸಿದರೆ ಏದುಸಿರು ಬಿಡುತ್ತಾ ಕುಳಿತುಬಿಡುತ್ತಾನೆ. ಗಂಗಾವತಿಯ ನಮ್ಮ ಓಣಿಯಲ್ಲಿ "ಅಂದಕ್ಕೋಸ್ಕರ ಹುಡುಗನ ಎದೆ ಕೊಯ್ಯಿಸುತ್ತೀಯಾ ತಾಯಿ?" ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಅವರಿಗೆ ಕೊಡುವ ಉತ್ತರ ಈಗ ನನ್ನ ಫೈಲಿನಲ್ಲಿದೆ.

ಮೊದಲು ಸಿಟಿ ಸ್ಕ್ಯಾನ್. ಅದನ್ನು ಬಳ್ಳಾರಿಯಲ್ಲೇ ಮಾಡಿಸಿಕೊಂಡು ಬನ್ನಿ ಎಂದು ಬೆಂಗಳೂರಿನ ವೈದ್ಯರು ಹೇಳಿದ್ದರು. ಜಲಾಶಯದಿಂದ ನೀರು ಬಿಟ್ಟು ಕಂಪ್ಲಿ ಸೇತುವೆ ಬಂದ್ ಆಗಿತ್ತು, ಹೊಸಪೇಟೆ ಸುತ್ತಿಕೊಂಡು ಹೋದೆವು. ಸ್ಕ್ಯಾನ್‌ಗೆ ಬಣ್ಣದ ಔಷಧಿಯ ಚುಚ್ಚುಮದ್ದು ಬೇಕಾಗಲಿಲ್ಲ. ವೈದ್ಯರು ಆ ಚಿತ್ರದ ಮೇಲೆ ಪೆನ್ಸಿಲಿನಿಂದ ಎರಡು ಗೆರೆ ಎಳೆದು ತೋರಿಸಿದರು: ಎದೆಗೂಡಿನ ಒಳಗಿನ ಅಗಲ 22.4 ಸೆಂ.ಮೀ., ತಗ್ಗಿನ ಆಳದಲ್ಲಿ ಎದೆಮೂಳೆಯಿಂದ ಬೆನ್ನುಮೂಳೆಗೆ 5.6 ಸೆಂ.ಮೀ. ಅಗಲವನ್ನು ಅಂತರದಿಂದ ಭಾಗಿಸಿದರೆ 4. ಇದಕ್ಕೆ ಹಾಲರ್ ಸೂಚ್ಯಂಕ ಎನ್ನುತ್ತಾರೆ. ಸಾಮಾನ್ಯವಾಗಿ ಇದು 2.5ರ ಆಸುಪಾಸು ಇರುತ್ತದೆ, 3.25 ದಾಟಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ದಿನವಿಡೀ ಟೇಪು ಹಿಡಿದು ಬ್ಲೌಸ್ ಹೊಲಿಯುವ ನನಗೆ ಆ ಎರಡು ಅಳತೆಗಳು ನೂರು ಮಾತಿಗಿಂತ ಚೆನ್ನಾಗಿ ಅರ್ಥವಾದವು.

ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗಿನಲ್ಲಿ, ಹೃದಯ ಎಡಕ್ಕೆ ಸರಿದಿರುವುದು, ಬಲಭಾಗ ಸ್ವಲ್ಪ ಅದುಮಿಕೊಂಡಿರುವುದು ಕಂಡಿತು. ಮಾರ್ಫಾನ್ ಎಂಬ ಆನುವಂಶಿಕ ತೊಂದರೆ ಇರುವವರಲ್ಲೂ ಎದೆ ಹೀಗೆ ತಗ್ಗಿರುತ್ತದಂತೆ. ಅದಕ್ಕಾಗಿ ತೋಳು ಚಾಚಿಸಿ ಅಳೆದರು, ಕಣ್ಣಿನ ಪರೀಕ್ಷೆ ಮಾಡಿಸಿದರು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಬುಡದ ಅಳತೆ ನೋಡಿದರು. ಎಲ್ಲವೂ ಸರಿಯಾಗಿತ್ತು. ಆ ದಿನ ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ.

ಉಸಿರಿನ ಪರೀಕ್ಷೆಯೇ ಅವನಿಗೆ ಕಷ್ಟವಾದದ್ದು. ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಉಸಿರೆಳೆದು ಕೊಳವೆಯೊಳಗೆ ಒಂದೇ ಸಮನೆ ಊದಬೇಕು. "ಊದಪ್ಪಾ, ಇನ್ನೂ ಊದು, ಬಿಡಬೇಡ" ಎಂದು ಸಿಬ್ಬಂದಿ ಹುರಿದುಂಬಿಸುತ್ತಿದ್ದರು, ಅವನ ಮುಖ ಕೆಂಪೇರಿತ್ತು. ಅವನ ಎತ್ತರಕ್ಕೂ ವಯಸ್ಸಿಗೂ ಇರಬೇಕಾದ ಗಾಳಿಯಲ್ಲಿ ಶೇ 74ರಷ್ಟು ಮಾತ್ರ ಹೊರಬಂತು. ಕಬಡ್ಡಿಯಲ್ಲಿ ಸೋತು ಕೂರುವ ಹುಡುಗನನ್ನು ಸೋಮಾರಿ ಎಂದವರು ಈ ವರದಿಯನ್ನು ಒಮ್ಮೆ ನೋಡಬೇಕು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಲೋಹದ ಅಲರ್ಜಿಯ ಬಗ್ಗೆ. ಮಗನಿಗೆ ಮಾಡಲಿರುವ ನಸ್ ವಿಧಾನದ ಶಸ್ತ್ರಚಿಕಿತ್ಸೆಯಲ್ಲಿ ಎದೆಮೂಳೆಯ ಹಿಂದೆ ಬಾಗಿದ ಲೋಹದ ಪಟ್ಟಿಯೊಂದನ್ನು ತೂರಿಸಿ, ತಗ್ಗನ್ನು ಒಳಗಿನಿಂದ ಎತ್ತಿ ನಿಲ್ಲಿಸುತ್ತಾರೆ. ಡೊನಾಲ್ಡ್ ನಸ್ ಎಂಬ ಮಕ್ಕಳ ಶಸ್ತ್ರವೈದ್ಯರು ಅಮೆರಿಕದ ವರ್ಜೀನಿಯಾದಲ್ಲಿ 1987ರಲ್ಲಿ ಇದನ್ನು ಆರಂಭಿಸಿದರು. ಪಟ್ಟಿ ಎರಡು ಮೂರು ವರ್ಷ ಮೈಯೊಳಗೇ ಇರುತ್ತದೆ. ಸಾಮಾನ್ಯವಾಗಿ ಬಳಸುವುದು ಸ್ಟೀಲ್ ಪಟ್ಟಿ, ಅದರಲ್ಲಿ ಕೆಲವರ ಮೈಗೆ ಒಗ್ಗದ ನಿಕ್ಕಲ್ ಎಂಬ ಲೋಹ ಇರುತ್ತದೆ. ನನಗೆ ಗಿಲೀಟಿನ ಓಲೆ ಹಾಕಿದರೆ ಕಿವಿ ಸೋರುತ್ತದೆ. ಮಗನಿಗೆ ಜೀನ್ಸ್ ಗುಂಡಿ ತಾಗುವಲ್ಲಿ, ಹೊಕ್ಕಳಿನ ಕೆಳಗೆ, ರೂಪಾಯಿಯಗಲ ಕಪ್ಪುಗಟ್ಟಿದ ತುರಿಕೆಯ ಕಲೆಯಿದೆ. ಬಟ್ಟೆಯ ಒಳಪಟ್ಟಿ ಹೊಲಿದುಕೊಟ್ಟ ಮೇಲೆ ತುರಿಕೆ ನಿಂತಿತ್ತು. ಇದನ್ನು ನಾನಾಗಿಯೇ ಹೇಳಿದಾಗ ವೈದ್ಯರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, ಅವನ ಅಂಗಿ ಎತ್ತಿ ಆ ಕಲೆಯನ್ನು ನೋಡಿದರು.

ಯಾವ ಲೋಹಕ್ಕೆ ಅಲರ್ಜಿ ಎಂದು ತಿಳಿಯಲು, ಬೇರೆ ಬೇರೆ ಲೋಹದ ಅಂಶವಿಟ್ಟ ಸಣ್ಣ ಅಂಟುಪಟ್ಟಿಗಳನ್ನು ಬೆನ್ನಿಗೆ ಸಾಲಾಗಿ ಅಂಟಿಸಿದರು. ಎರಡು ದಿನ ಬೆನ್ನಿಗೆ ನೀರು ತಾಗಿಸುವಂತಿಲ್ಲ, ಬೆವರುವಂತಿಲ್ಲ. ತೆಗೆದಾಗಲೂ, ಒಂದೆರಡು ದಿನ ಬಿಟ್ಟು ಮತ್ತೆಯೂ ನೋಡುತ್ತಾರೆ. ನಿಕ್ಕಲ್ ಇಟ್ಟ ಜಾಗ ಮಾತ್ರ ಕೆಂಪಾಗಿ ಗುಳ್ಳೆಯೆದ್ದಿತ್ತು. ಸ್ಟೀಲ್ ಹಾಕಿದ್ದರೆ ಗಾಯ ಸೋರಿ, ಸೋಂಕೆಂದೇ ತಿಳಿದು ಪಟ್ಟಿಯನ್ನು ಬೇಗ ತೆಗೆಯಬೇಕಾಗಿ ಬರುವ ಸಾಧ್ಯತೆಯೂ ಇತ್ತಂತೆ.

ಹಾಗಾಗಿ ಸ್ಟೀಲಿನ ಬದಲು ಅವನಿಗೆ ಟೈಟಾನಿಯಂ ಪಟ್ಟಿ ಹಾಕಲಿದ್ದಾರೆ. ಇದನ್ನು ಸಿಟಿ ಸ್ಕ್ಯಾನ್ ಅಳತೆಗೆ ತಕ್ಕಂತೆ ಮೊದಲೇ ಬಾಗಿಸಿ ತರಿಸಬೇಕು. ದುಡ್ಡು ಹೆಚ್ಚು, ಕಾಯುವುದೂ ಹೆಚ್ಚು. ಶಸ್ತ್ರಚಿಕಿತ್ಸೆಯನ್ನು ದಸರಾ ರಜೆಗೆ ಇಟ್ಟುಕೊಂಡಿದ್ದೇವೆ. ನಿಮ್ಮ ಮಗುವಿಗೂ ಇಂಥ ಚಿಕಿತ್ಸೆ ಇದ್ದರೆ, ಬೆಲ್ಟಿನ ಬಕಲ್, ವಾಚಿನ ಚೈನು, ಕಿವಿಯೋಲೆ ತಾಗಿದಲ್ಲಿ ತುರಿಕೆ ಬಂದಿತ್ತೇ ಎಂಬುದನ್ನು ನೆನಪು ಮಾಡಿಕೊಂಡು, ಪಟ್ಟಿ ತರಿಸುವ ಮೊದಲೇ ವೈದ್ಯರಿಗೆ ಹೇಳಿ.