ಡ್ಯಾಮಿನ ನೀರಿಗೆ ಲೆಕ್ಕ ಇದೆ, ಬೋರಿನ ನೀರಿಗೆ?

ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದಾಗ ಹಿರಿಯೂರಿನ ಕಡೆ ಜಾತ್ರೆಯಂತೆ ಜನ ಸೇರಿದ್ದರು. 1933ರ ನಂತರ ಅದು ತುಂಬಿ ಹರಿದದ್ದು ಅದೇ ಮೊದಲು, ಖುಷಿ ಆಗದೇ ಇರುತ್ತಾ? ಆದರೆ ಆಮೇಲೆ ಚಿತ್ರದುರ್ಗದ ಸುತ್ತ ಎಲ್ಲಿ ಹೋದರೂ ಒಂದೇ ಮಾತು: ಡ್ಯಾಮ್ ತುಂಬಿದೆ, ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಬರುತ್ತೆ, ಬೋರು ಹಾಕಿಸಿ ಅಡಿಕೆ ಇಡೋಣ. ಇದನ್ನು ಕೇಳಿದಾಗೆಲ್ಲ ನನಗೆ ಹೆದರಿಕೆಯಾಗುತ್ತದೆ.

ಒಂದು ಎಕರೆ ಅಡಿಕೆ ತೋಟದ ಲೆಕ್ಕ ಹಾಕಿ ನೋಡಿ. ಎಕರೆಗೆ ಸುಮಾರು 550 ಗಿಡ. ಫಸಲಿಗೆ ಬಂದ ಗಿಡಕ್ಕೆ ಡ್ರಿಪ್‌ನಲ್ಲಿ ಕೊಟ್ಟರೂ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅಲ್ಲಿಗೆ ತೋಟಕ್ಕೆ ದಿನಕ್ಕೆ ಹತ್ತಿರ ಹತ್ತಿರ 10,000 ಲೀಟರ್. ಮಳೆ ಇಲ್ಲದ 200 ದಿನ ಹಿಡಿದರೆ 20 ಲಕ್ಷ ಲೀಟರ್. ಇನ್ನು ಅದೇ ಎಕರೆಗೆ ಬೀಳುವ ಮಳೆ. ವರ್ಷಕ್ಕೆ 600 ಮಿಲಿಮೀಟರ್ ಅಂದುಕೊಂಡರೆ 24 ಲಕ್ಷ ಲೀಟರ್ ಆಗುತ್ತದೆ. ಸಾಕಲ್ವಾ ಅನ್ನಿಸಬಹುದು. ಆದರೆ ನಮ್ಮದು ಗಟ್ಟಿ ಬಂಡೆಯ ನೆಲ, ನೂರಕ್ಕೆ ಹತ್ತು ಪಾಲು ಇಂಗಿದರೆ ಅದೇ ಜಾಸ್ತಿ. ಬೋರಿಗೆ ಸಿಗುವುದು ಎರಡೂವರೆ ಲಕ್ಷ ಲೀಟರೂ ಇಲ್ಲ. ಅಂದರೆ ಒಂದು ಎಕರೆ ತೋಟ ಎಂಟು ಎಕರೆಯಲ್ಲಿ ಇಂಗಿದ ನೀರು ಕುಡಿಯುತ್ತದೆ. ಮಿಕ್ಕ ಏಳು ಎಕರೆ ಯಾರದ್ದು? ಮಳೆ ನಂಬಿ ಶೇಂಗಾ ಬಿತ್ತುವ ಪಕ್ಕದ ಹೊಲದವರದ್ದು. ಊರಿಗೆ ಕುಡಿಯುವ ನೀರು ಕೊಡುವ ಬೋರು ಕೂಡ ಅದೇ ನೀರನ್ನೇ ನಂಬಿದೆ.

ರೈತರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಸಾಲ ಮಾಡಿ ಪಾಯಿಂಟ್ ಹಾಕಿಸಿ, ಕೇಸಿಂಗ್ ಇಳಿಸಿ, ಬರೀ ಧೂಳು ಬಂದಾಗ ಆ ಮನೆಯವರ ಮುಖ ನೋಡಲಾಗುವುದಿಲ್ಲ. ವ್ಯವಸ್ಥೆಯೇ ಹಾಗಿದೆ. ತನ್ನ ಜಮೀನಿನ ಅಡಿಯ ನೀರನ್ನು ಮಾಲೀಕ ಎಷ್ಟು ಬೇಕಾದರೂ ಎತ್ತಿಕೊಳ್ಳಬಹುದು ಅನ್ನುವ ಹಕ್ಕಿಗೆ 1882ರ ಕಾಯ್ದೆಯೊಂದು ಆಧಾರ. ಆಗ ಇದ್ದದ್ದು ಕಪಿಲೆ ಬಾವಿ, ಎತ್ತು ಎಳೆದಷ್ಟೇ ನೀರು. ಈಗ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಅಧಿಸೂಚಿತ ಪ್ರದೇಶದಲ್ಲಿ ಅನುಮತಿ ಇಲ್ಲದೆ ಕೊರೆಸಬಾರದು ಅಂತ 2011ರ ರಾಜ್ಯ ಕಾಯ್ದೆ ಹೇಳುತ್ತದೆ. ರಿಗ್ ಲಾರಿ ರಾತ್ರಿ ಬಂದು ಬೆಳಗಾಗುವುದರೊಳಗೆ ಹೋಗಿಬಿಟ್ಟರೆ ಕೇಳುವವರು ಯಾರು?

ಭದ್ರಾ ನಾಲೆಯ ನೀರು ದಾವಣಗೆರೆ ಕೊನೆಭಾಗಕ್ಕೆ ತಲುಪಲಿಲ್ಲ ಅಂದರೆ ರಸ್ತೆ ತಡೆ ಆಗುತ್ತದೆ, ನೀರಾವರಿ ಸಲಹಾ ಸಮಿತಿ ಸಭೆ ಸೇರುತ್ತದೆ, ಡ್ಯಾಮ್ ಎಷ್ಟು ಅಡಿ ಇದೆ ಅಂತ ಚಹಾ ಅಂಗಡಿಯಲ್ಲೂ ಹೇಳುತ್ತಾರೆ. ಆಗಲೇಬೇಕು. ಆದರೆ ದೇಶದ ನೀರಾವರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ನೆಲದಡಿಯ ನೀರಿನದು, ಅದು ನೂರು ಅಡಿ ಕೆಳಗಿಳಿದರೂ ಸಭೆ ಕರೆಯುವವರಿಲ್ಲ.

ಇಂಗುಗುಂಡಿ, ಬದು, ಕೃಷಿ ಹೊಂಡ ಎಲ್ಲ ಬೇಕು. ನಮ್ಮ ಚಿತ್ರದುರ್ಗದ ಕೋಟೆಯಲ್ಲೇ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಹಾಗೇ ಕೆಳಕೆಳಗಿನ ಹೊಂಡಗಳಿಗೆ ನೀರು ಇಳಿಯುತ್ತದೆ. ಆದರೆ ಎತ್ತುವುದಕ್ಕೆ ಮಿತಿ ಇಲ್ಲದಿದ್ದರೆ ಎಷ್ಟು ಇಂಗಿಸಿದರೂ ಸಾಲುವುದಿಲ್ಲ.

ಪಕ್ಕದ ಅನಂತಪುರ ಜಿಲ್ಲೆಯ ಹಳ್ಳಿಗಳಲ್ಲಿ ರೈತರೇ ಮಳೆ ಅಳೆದು, ಬೋರಿನ ಮಟ್ಟ ಅಳೆದು, ಹಿಂಗಾರಿಗೆ ಮುಂಚೆ ಕೂತು ಊರಿಗೆಲ್ಲ ಎಷ್ಟು ನೀರಿದೆ ಅಂತ ಲೆಕ್ಕ ಮಾಡಿ ಬೆಳೆ ಆರಿಸಿಕೊಂಡದ್ದುಂಟು. ಯಾರೂ ದಂಡ ಹಾಕಲಿಲ್ಲ, ಲೆಕ್ಕ ಎಲ್ಲರ ಕಣ್ಣ ಮುಂದೆ ಇತ್ತು ಅಷ್ಟೇ. 2019ರಲ್ಲಿ ಶುರುವಾದ ಅಟಲ್ ಭೂಜಲ ಯೋಜನೆಯಲ್ಲೂ ಪಂಚಾಯ್ತಿಗೊಂದು ನೀರಿನ ಬಜೆಟ್ ಮಾಡಬೇಕು ಅಂತಿತ್ತು, ಕರ್ನಾಟಕವೂ ಅದರಲ್ಲಿತ್ತು. ಆ ಬಜೆಟ್ ಫೈಲಿನಲ್ಲಿ ಉಳಿಯಬಾರದು. ಅದನ್ನು ಗ್ರಾಮಸಭೆಯಲ್ಲಿ ಓದಿಸಿ, ಪಂಚಾಯ್ತಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಹೊಸ ತೋಟಕ್ಕೆ ಸಾಲ ಕೊಡುವ ಸೊಸೈಟಿಯವರೂ ಅರ್ಜಿ ತೆಗೆದುಕೊಳ್ಳುವ ಮೊದಲು ಆ ಗೋಡೆ ನೋಡಲಿ.