ನ್ಯಾಶ್‌ವಿಲ್ ಕೇಸಿನ ಆಡಿಯೋ ಸರಣಿ: ಮೂರನೇ ಕಂತು ಎಲ್ಲಿಗೆ ಬಂತು

ಎರಡು ವಾರದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಮೂರನೇ ಕಂತು, ಅಂದರೆ ಅಪೀಲಿನ ಕಂತು, ಮುಂದಕ್ಕೆ ಹೋಗಲು ಬಿಡಲಿಲ್ಲ. ನಿನ್ನೆ ರಾತ್ರಿ ಒಂದು ಹದಕ್ಕೆ ಬಂತು.

ಹೊಸದಾಗಿ ಓದುವವರಿಗೆ ಒಂದು ಮಾತು. ಕೆವಿನ್ ಹ್ಯೂಸ್ ಕೊಲೆ ಕೇಸಿನ ಮೇಲೆ ಕನ್ನಡದಲ್ಲಿ ನಾಲ್ಕು ಕಂತು ಮಾಡುತ್ತಿದ್ದೇನೆ. 1989ರ ಮಾರ್ಚ್ 9ರ ರಾತ್ರಿ, ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ನಡೆದದ್ದು. ರೆಕಾರ್ಡ್ ಕಂಪನಿಗಳೇ ತುಂಬಿರುವ ಮ್ಯೂಸಿಕ್ ರೋ ಅನ್ನೋ ಜಾಗ ಅದು. ಹ್ಯೂಸ್‌ಗೆ ಆಗ ಬರೀ 23 ವರ್ಷ. ಇಲಿನಾಯ್‌ನ ಕಾರ್ಮೈ ಅನ್ನೋ ಸಣ್ಣ ಊರಿಂದ ಬಂದ ಹುಡುಗ. ಕ್ಯಾಶ್ ಬಾಕ್ಸ್ ಅನ್ನೋ ಸಂಗೀತ ಪತ್ರಿಕೆಯಲ್ಲಿ ಕಂಟ್ರಿ ಹಾಡುಗಳ (ಅಮೆರಿಕದ ಒಂದು ಜನಪ್ರಿಯ ಸಂಗೀತ ಶೈಲಿ) ಚಾರ್ಟ್ ನೋಡಿಕೊಳ್ಳುತ್ತಿದ್ದ. ಚಾರ್ಟ್ ಅಂದರೆ ರೇಡಿಯೋ ಸ್ಟೇಷನ್ನಿನವರು ಕಳಿಸಿದ ಪಟ್ಟಿಗಳನ್ನು ಕೂಡಿಸಿ, ಯಾವ ಹಾಡು ಎಷ್ಟನೇ ಸ್ಥಾನದಲ್ಲಿದೆ ಅಂತ ಹೇಳುವ ಪಟ್ಟಿ. ಗಾಯಕ ಸ್ಯಾಮಿ ಸ್ಯಾಡ್ಲರ್ ಜೊತೆ 16ನೇ ಅವೆನ್ಯೂ ಸೌತ್‌ನಲ್ಲಿದ್ದಾಗ ಮುಸುಕು ಹಾಕಿದವನೊಬ್ಬ ಗುಂಡು ಹಾರಿಸಿದ. ಸ್ಯಾಡ್ಲರ್ ಗಾಯಗೊಂಡು ಉಳಿದುಕೊಂಡ. ಹ್ಯೂಸ್ ಓಡಿದ, ಆದರೆ ರಸ್ತೆಯಲ್ಲೇ ಬಿದ್ದ.

ಎರಡನೇ ಕಂತು ಕೇಳಿದ ಸುಮಾರು ಜನ ಒಂದೇ ಪ್ರಶ್ನೆ ಕೇಳಿದರು. ಒಂದು ಹಾಡಿನ ಪಟ್ಟಿಗೋಸ್ಕರ ಯಾರಾದ್ರೂ ಕೊಲೆ ಮಾಡ್ತಾರಾ? ಮಾತಿನಲ್ಲಿ ಹೇಳಿದರೆ ಸಾಲದು ಅನ್ನಿಸಿ ಹಳೇ ಲೆಕ್ಕದ ಪುಸ್ತಕ ತೆಗೆದೆ. ಸುಮ್ನೆ ಹತ್ತು ರೇಡಿಯೋ ಸ್ಟೇಷನ್ ಕಲ್ಪಿಸಿಕೊಂಡೆ. ಐದು ಹಾಡು. ಮೊದಲನೆಯದಕ್ಕೆ 5 ಅಂಕ, ಕೊನೆಯದಕ್ಕೆ 1. ಹತ್ತೂ ಸ್ಟೇಷನ್ನಿನವರು ಒಂದೇ ಪಟ್ಟಿ ಕಳಿಸಿದರೆ ಮೂರನೇ ಹಾಡಿಗೆ 30, ಕೊನೇ ಹಾಡಿಗೆ 10. ಈಗ ನಾಲ್ಕೇ ನಾಲ್ಕು ಸ್ಟೇಷನ್ನಿನವರು ದುಡ್ಡು ತಗೊಂಡು ಕೊನೇ ಹಾಡನ್ನು ಮೇಲೆ ಬರೆದರು ಅಂದುಕೊಳ್ಳಿ. ಅದು 26ಕ್ಕೆ ಏರುತ್ತೆ, ಮೂರನೇ ಹಾಡು 26ಕ್ಕೆ ಇಳಿಯುತ್ತೆ. ಎರಡೂ ಸಮ! ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತೆ. ಯಾಕಂದರೆ ಕೂಡಿಸುವವನೇ ಒಪ್ಪಿಬಿಟ್ಟರೆ ನಾಲ್ಕು ಸ್ಟೇಷನ್ನೂ ಬೇಡ. ಒಂದು ಅಂಕಿ ತಿದ್ದಿದರೆ ಮುಗೀತು.

ಆ ಕಾಲದಲ್ಲಿ ಎಷ್ಟು ಸಲ ಹಾಡು ಬಂತು ಅಂತ ಯಂತ್ರ ಎಣಿಸುತ್ತಿರಲಿಲ್ಲ. ಸ್ಟೇಷನ್ನಿನವರು ಹೇಳಿದ್ದೇ ಲೆಕ್ಕ. ಹೆಸರಿಲ್ಲದ ಹೊಸ ಗಾಯಕರು ಚಾರ್ಟ್‌ನಲ್ಲಿ ಜಾಗ ಸಿಗುತ್ತೆ ಅಂತ ನಂಬಿ ಪ್ರಮೋಟರ್‌ಗಳಿಗೆ, ಅಂದರೆ ಹಾಡುಗಳ ಪ್ರಚಾರ ಮಾಡುವವರಿಗೆ, ಸಾವಿರಾರು ಡಾಲರ್ ಕೊಡುತ್ತಿದ್ದರು. ಆ ದಂಧೆಗೆ ಹ್ಯೂಸ್ ಅಡ್ಡ ಬಂದ ಅನ್ನೋದೇ ಪ್ರಾಸಿಕ್ಯೂಷನ್, ಅಂದರೆ ಸರ್ಕಾರಿ ವಕೀಲರ ವಾದ. ಊರು ಬಿಟ್ಟು ಬಂದು ತನಗಿಷ್ಟದ ಕೆಲಸ ಹಿಡಿದ ಹುಡುಗ ಅವನು. ಅದನ್ನು ಸರಿಯಾಗಿ ಮಾಡಬೇಕು ಅಂದುಕೊಂಡದ್ದಕ್ಕೆ ಜೀವ ಹೋಯಿತು ಅನ್ನೋದನ್ನ ಪ್ರತಿ ಸಲ ಓದುವಾಗಲೂ ನನ್ನ ದನಿ ಕಟ್ಟುತ್ತೆ.

ಕೇಸು ಹದಿಮೂರು ವರ್ಷ ತಣ್ಣಗಿತ್ತು. 2002ರಲ್ಲಿ ರಿಚರ್ಡ್ ಡಿ'ಆಂಟೋನಿಯೋನನ್ನು ಲಾಸ್ ವೇಗಸ್‌ನಲ್ಲಿ ಹಿಡಿದರು. ಅವನೂ ಹಿಂದೆ ಕ್ಯಾಶ್ ಬಾಕ್ಸ್‌ನಲ್ಲೇ ಕೆಲಸ ಮಾಡಿದವನು. ಸಾಕ್ಷಿಯೊಬ್ಬ, ನಾನೇ ಅವನಿಗೆ ಗನ್ ಮಾರಿದ್ದು, ನನ್ನ ಜಾಗದಲ್ಲೇ ಹಾರಿಸಿ ನೋಡಿದ್ದೆವು ಅಂತ ಹೇಳಿದ. ಪೊಲೀಸರು ಹೋಗಿ ಮಣ್ಣು ಅಗೆದರು. ಹದಿಮೂರು ವರ್ಷ ಮಣ್ಣಲ್ಲಿದ್ದ ಸೀಸ! ಅಲ್ಲಿ ಸಿಕ್ಕ ಗುಂಡು ಕೊಲೆಯ ಗುಂಡಿಗೆ ಹೊಂದುತ್ತೆ ಅಂತ ತಜ್ಞರು ಕೋರ್ಟಿನಲ್ಲಿ ಹೇಳಿದರು. 2003ರಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನರ ತಂಡ, ತಪ್ಪಿತಸ್ಥ ಅಂದಿತು. ಜೀವಾವಧಿ ಶಿಕ್ಷೆಯಾಯಿತು.

ಇನ್ನು ಅಪೀಲು. ಮೊದಲ ಸಲ ರೆಕಾರ್ಡ್ ಮಾಡಿದ್ದನ್ನು ತಮ್ಮನಿಗೆ ಕೇಳಿಸಿದೆ. ಹೆಡ್‌ಫೋನ್ ತೆಗೆದು, "ಅಕ್ಕ, ಮೇಲಿನ ಕೋರ್ಟಲ್ಲಿ ಮತ್ತೆ ಸಾಕ್ಷಿ ಕರೆಯಲ್ವಾ? ಹಂಗಾದ್ರೆ ಅವರು ನೋಡೋದಾದ್ರೂ ಏನನ್ನ?" ಅಂದ. ಅಲ್ಲೇ ಗೊತ್ತಾಯಿತು, ನಾನು ಬರೆದದ್ದರಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗಿದೆ ಅಂತ. ನಮ್ಮಲ್ಲಿ ಕ್ರಿಮಿನಲ್ ಕೇಸಿಗೆ ಈಗ ಜ್ಯೂರಿ ಇಲ್ಲ. ಹಾಗಾಗಿ ಇದನ್ನು ಬುಡದಿಂದಲೇ ಹೇಳಬೇಕು.

ಎಂಟು ನಿಮಿಷ ಪೂರ್ತಿ ಅಳಿಸಿ ಹೊಸದಾಗಿ ಬರೆದೆ. ಸಾಕ್ಷ್ಯ ಸಾಲದು ಅಂತ ಅಪೀಲು ಹಾಕಿದರೆ, ಅವನೇ ಕೊಂದನಾ ಅಂತ ಮೇಲಿನ ಕೋರ್ಟು ಹೊಸದಾಗಿ ತೂಗಲ್ಲ. ಯಾವ ಸಾಕ್ಷಿಯನ್ನು ನಂಬಬೇಕು ಅನ್ನೋದು ಜ್ಯೂರಿಗೆ ಬಿಟ್ಟದ್ದು. ಇರೋ ಪುರಾವೆಯನ್ನೆಲ್ಲ ಸರ್ಕಾರದ ಕಡೆಗೆ ವಾಲಿಸಿ ಓದಿಕೊಂಡು, ವಿವೇಕವಿರುವ ಜ್ಯೂರಿ ಈ ತೀರ್ಮಾನಕ್ಕೆ ಬರಬಹುದಿತ್ತಾ ಅಂತ ಮಾತ್ರ ಕೇಳುತ್ತೆ. ಈ ಅಳತೆಗೋಲು 1979ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನದು. ಅದರ ಜೊತೆ ನ್ಯಾಶ್‌ವಿಲ್ ಇರೋ ಟೆನೆಸ್ಸಿ ರಾಜ್ಯದಲ್ಲಿ 1971ರಿಂದ ಇನ್ನೊಂದು ಕಟ್ಟುನಿಟ್ಟು ಇತ್ತು. ಬರೀ ಸಾಂದರ್ಭಿಕ ಸಾಕ್ಷ್ಯ (ನೇರವಾಗಿ ಕಂಡದ್ದಲ್ಲ, ಸುತ್ತಲಿನ ಸಂಗತಿಗಳಿಂದ ತಿಳಿಯುವಂಥದ್ದು) ಇದ್ದರೆ, ಆರೋಪಿ ತಪ್ಪಿಸಿಕೊಳ್ಳಲಾಗದ ಹಾಗೆ ಅಪರಾಧದ ಬಲೆ ಅವನ ಸುತ್ತ ಹೆಣೆದಿರಬೇಕು, ಬೇರೆ ಸಮಂಜಸ ವಿವರಣೆಗೆ ಜಾಗ ಇರಬಾರದು. ಆ ನಿಯಮವನ್ನು ಕೈಬಿಟ್ಟದ್ದು 2011ರಲ್ಲಿ. 2005ರಲ್ಲಿ ಡಿ'ಆಂಟೋನಿಯೋ ಅಪೀಲು ತೀರ್ಮಾನವಾದಾಗ ಅದು ಇನ್ನೂ ಜಾರಿಯಲ್ಲಿತ್ತು. ಅಪೀಲು ಬಿದ್ದುಹೋಯಿತು, ಶಿಕ್ಷೆ ಉಳಿಯಿತು. 2014ರಲ್ಲಿ ಅವನು ಜೈಲಿನಲ್ಲೇ ಸತ್ತ.

ಕೊಲೆಯ ಹಿಂದೆ ಇದ್ದವನು ಅಂತ ಪ್ರಾಸಿಕ್ಯೂಷನ್ ಬೆರಳು ತೋರಿಸಿದ ಪ್ರಮೋಟರ್ ಚಕ್ ಡಿಕ್ಸನ್, ಬಂಧನ ನಡೆಯುವ ಮೊದಲೇ, 2001ರಲ್ಲಿ ತೀರಿಕೊಂಡಿದ್ದ. ಅವನ ಮೇಲೆ ಕೇಸು ನಡೆಯಲೇ ಇಲ್ಲ. ಈ ಭಾಗ ಓದುವಾಗ "ಪ್ರಾಸಿಕ್ಯೂಷನ್ ಪ್ರಕಾರ" ಅನ್ನೋ ಮಾತು ಎಲ್ಲೂ ತಪ್ಪದ ಹಾಗೆ ನೋಡಿಕೊಂಡಿದ್ದೇನೆ. ಉತ್ತರ ಕೊಡಲು ಅವನಿಲ್ಲ.

ಕೆಲಸದ ಲೆಕ್ಕ: ಮೂರನೇ ಕಂತು ಈಗ 21 ನಿಮಿಷ. ದುಪ್ಪಟಿ ಕಟ್ಟಿದ ಮೂಲೆಯಲ್ಲೇ ರೆಕಾರ್ಡಿಂಗ್, ಬೆಳಗಿನ ಜಾವ ಐದಕ್ಕೆ, ಪಕ್ಕದ ಮನೆ ಕುಕ್ಕರ್ ಕೂಗುವ ಮೊದಲು. ಮೊದಲನೇ ಕಂತಿನಲ್ಲಿ ಹಾಕಿದ್ದ ಗುಂಡಿನ ಸದ್ದನ್ನು ತೆಗೆದುಹಾಕಿದೆ. ಸ್ಯಾಡ್ಲರ್ ಬದುಕಿರುವ ಮನುಷ್ಯ, ಆ ರಾತ್ರಿ ಆ ಸದ್ದು ನಿಜವಾಗಿ ಕೇಳಿದವನು. ಆ ಜಾಗಕ್ಕೆ ಪೆನ್ಸಿಲ್ ಕಾಗದದ ಮೇಲೆ ಓಡುವ ಸದ್ದು ಹಾಕಿದ್ದೇನೆ, ನನ್ನ ಲೆಕ್ಕದ ಪುಸ್ತಕದ್ದೇ. ಶನಿವಾರ ತಮ್ಮನಿಗೆ ಇನ್ನೊಂದು ಸಲ ಕೇಳಿಸಬೇಕು.