ಗೊತ್ತಿರುವ ಪದಗಳೇ ಕೈ ಕೊಟ್ಟವು

ಇಂಗ್ಲಿಷ್ ಆಡಿಯೋಬುಕ್‌ಗಳಿಗೆ ದನಿ ಕೊಡುವುದು ನನ್ನ ಕೆಲಸ. ಶುರುವಿನ ದಿನಗಳಲ್ಲಿ ಹಳೇ ಕಾಲದ ಹಡಗಿನ ಕಾದಂಬರಿಯೊಂದನ್ನು ಓದಿ ಕಳಿಸಿದ್ದೆ. ರೆಕಾರ್ಡಿಂಗ್ ಕೇಳಿ ತಪ್ಪು ಗುರುತಿಸುವ ಸಹೋದ್ಯೋಗಿಯಿಂದ ರೀಟೇಕ್ ಪಟ್ಟಿ ಬಂತು. ನನಗೆ ಭಯವಿದ್ದದ್ದು ಹಡಗಿನ ಪದಗಳದ್ದು. ಬೋಟ್‌ಸ್ವೇನ್ ಎಂದು ಕಾಣುವುದು ಬೋಸನ್, ಅಂದರೆ ಹಡಗಿನ ಹಗ್ಗ, ಹಾಯಿ, ಲಂಗರು ನೋಡಿಕೊಳ್ಳುವವನು. ಕ್ವೇ ಎಂದು ಕಾಣುವ ಬಂದರುಕಟ್ಟೆಯ ಉಚ್ಚಾರ ಕೀ. ವಿಕ್ಚುಯಲ್ಸ್ ಎಂದು ಕಾಣುವ ಆಹಾರಸಾಮಗ್ರಿ ವಿಟಲ್ಸ್. ಇವೆಲ್ಲ ಸರಿಯಾಗಿದ್ದವು. ಪಟ್ಟಿಯಲ್ಲಿದ್ದದ್ದು ಮಿಸ್‌ಲೆಡ್, ಎಪಿಟೋಮ್ ಎಂದು ಕಾಣುವ ಎಪಿಟಮಿ, ಅಂದರೆ ಅಚ್ಚುಮಾದರಿ, ಮತ್ತು ಇಂಡಿಕ್ಟ್ ಎಂದು ಕಾಣುವ ಇಂಡೈಟ್, ಅಂದರೆ ಆರೋಪ ಹೊರಿಸುವುದು.

"ಗೊತ್ತಿಲ್ಲದ ಪದ ಎಲ್ಲಾ ಸರಿಯಾಗಿ ಓದಿದೀರಿ ಮೇಡಂ, ಗೊತ್ತಿರೋವೇ ತಪ್ಪಾಗಿವೆ" ಅಂದರು ಅವರು.

ನಿಜ. ಬೋಸನ್ ಗೊತ್ತಿಲ್ಲ ಅಂತ ನಿಘಂಟು ತೆಗೆದಿದ್ದೆ. ಮಿಸ್‌ಲೆಡ್ ಗೊತ್ತು ಅಂದುಕೊಂಡಿದ್ದೆ. ಚಿಕ್ಕಂದಿನಿಂದ ಪುಸ್ತಕದಲ್ಲಿ ಅದನ್ನು ನೋಡಿದಾಗಲೆಲ್ಲ ಮನಸ್ಸಿನಲ್ಲಿ "ಮೈಸಲ್ಡ್" ಎಂದೇ ಓದಿಕೊಂಡವಳು ನಾನು. ಬೇರೆಯವರ ಬಾಯಲ್ಲಿ "ಮಿಸ್‌ಲೆಡ್" ಕೇಳಿದಾಗ ಅದೊಂದು ಪದ, ಪುಸ್ತಕದಲ್ಲಿರುವುದು ಇನ್ನೊಂದು. ಎರಡರ ಅರ್ಥವೂ ದಾರಿ ತಪ್ಪಿಸಿದ್ದು ಎಂದೇ ತಿಳಿದಿದ್ದರೂ, ಎರಡೂ ಒಂದೇ ಎಂದು ಹೊಳೆದದ್ದು ಆ ಪಟ್ಟಿ ಕೈಗೆ ಬಂದ ದಿನ.

ಬರೆದಂತೆ ಓದುವ ಭಾಷೆಯಲ್ಲಿ ಬೆಳೆದವರಿಗೆ ಕಣ್ಣಿನ ಮೇಲೆ ನಂಬಿಕೆ ಜಾಸ್ತಿ. ಇಂಗ್ಲಿಷಿನಲ್ಲಿ ಆ ನಂಬಿಕೆ ನಡೆಯುವುದಿಲ್ಲ, ಅದಕ್ಕೆ ಕಾರಣವೂ ಇದೆ. ಸಾಲ ಎಂಬ ಅರ್ಥದ ಡೆಟ್ ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಮೂಲ ಲ್ಯಾಟಿನ್ ಪದ ಡೆಬಿಟುಮ್ ಅಲ್ಲವೇ ಎಂದು ಪಂಡಿತರು ಆಮೇಲೆ ಬಿ ತುರುಕಿದರು. ಜನರ ನಾಲಿಗೆ ಮಾತ್ರ ಮೊದಲಿನಂತೆಯೇ ಉಳಿಯಿತು. ಡೌಟ್‌ನ ಬಿ, ಇಂಡೈಟ್‌ನ ಸಿ ಬಂದದ್ದೂ ಹೀಗೆಯೇ. ಐಲ್ಯಾಂಡಿನ ಎಸ್ ಅಂತೂ ಪೂರ್ತಿ ತಪ್ಪು ತಿಳಿವಳಿಕೆ. ಅದು ಹಳೆಯ ಇಂಗ್ಲಿಷಿನದೇ ಪದ, ಫ್ರೆಂಚಿನ ಮೂಲಕ ಬಂದ ಐಲ್ ಎಂಬ ಬೇರೆ ಪದದ ನಂಟು ಅಂಟಿಸಿ ಎಸ್ ಸೇರಿಸಿದರು. ಎಪಿಟಮಿ ಗ್ರೀಕ್ ಮೂಲದ್ದು, ಆದ್ದರಿಂದ ಕೊನೆಯ ಇ ಬಾಯಲ್ಲಿ ಉಳಿದಿದೆ. ಮಹಾ ಅನಾಹುತ ಎಂಬ ಅರ್ಥದ ಕಟಾಸ್ಟ್ರೊಫಿಯಲ್ಲೂ ಅದೇ ಇ. ಅದನ್ನು ನಾನು ಯಾವತ್ತೂ ತಪ್ಪು ಹೇಳಿಲ್ಲ, ಏಕೆಂದರೆ ಅದನ್ನು ಮೊದಲು ಕೇಳಿದ್ದೆ, ಆಮೇಲೆ ಓದಿದ್ದೆ.

ಕರ್ನಲ್ ವಿಷಯದಲ್ಲಂತೂ ನಾವು ಪುಣ್ಯವಂತರು. ಇಟಾಲಿಯನ್ನಿನ ಕೊಲೊನೆಲ್ಲೊ ಫ್ರೆಂಚಿನಲ್ಲಿ ಕೊರೊನೆಲ್ ಆಯಿತು. ಇಂಗ್ಲಿಷ್ ಕೊನೆಗೆ ಎಲ್ ಇರುವ ಸ್ಪೆಲಿಂಗನ್ನೂ ಆರ್ ಇರುವ ಉಚ್ಚಾರವನ್ನೂ ಇಟ್ಟುಕೊಂಡಿತು. ಕನ್ನಡದಲ್ಲಿ ಕಿವಿಗೆ ಬಿದ್ದಂತೆ ಕರ್ನಲ್ ಎಂದೇ ಬರೆದರು, ನಾವು ಎಡವಲಿಲ್ಲ.

ಉಚ್ಚಾರ ಸರಿಯಿದ್ದೂ ಓದು ಕೆಡಬಹುದು ಎಂಬುದು ಇನ್ನೊಂದು ಪುಸ್ತಕದಲ್ಲಿ ತಿಳಿಯಿತು. ಬಿಸಿಲು ನಾಯಕಿಯನ್ನು "ಎನರ್ವೇಟ್" ಮಾಡಿತು ಎಂಬ ವಾಕ್ಯ. ಎನರ್ಜಿಯ ಸೋದರನಂತೆ ಕೇಳಿಸುವ ಪದ. ದನಿ ಏರಿಸಿ, ಚುರುಕಾಗಿ ಓದಿದೆ. ಅರ್ಥ ತದ್ವಿರುದ್ಧ: ಶಕ್ತಿ ಹೀರಿ ನಿತ್ರಾಣ ಮಾಡುವುದು. ಲ್ಯಾಟಿನ್ನಿನಲ್ಲಿ ನೆರ್ವುಸ್ ಎಂದರೆ ಸ್ನಾಯುರಜ್ಜು, ಅದನ್ನು ಕಿತ್ತು ತೆಗೆದಂತೆ. ಸುಸ್ತಾಗಿ ಒರಗಿದವಳ ಬಗ್ಗೆ ನಾನು ಉತ್ಸಾಹದಿಂದ ಓದಿದ್ದೆ. ಒಂದು ಪದ ಬದಲಿಸಿದರೆ ಸಾಲದು, ಇಡೀ ಪ್ಯಾರಾ ಮತ್ತೆ ಓದಬೇಕಾಯಿತು. ಅಂದಿನಿಂದ ಅರ್ಥ ನೋಡದೆ ಯಾವ ಪದಕ್ಕೂ ದನಿ ಕೊಡುವುದಿಲ್ಲ. ಟೇರ್ ಎಂದರೆ ಹರಿದು ಹಾಕುವುದು, ಟಿಯರ್ ಎಂದರೆ ಕಣ್ಣೀರು, ಸ್ಪೆಲಿಂಗ್ ಒಂದೇ. ಅರ್ಥವೇ ಉಚ್ಚಾರ ಹೇಳಿಕೊಡುತ್ತದೆ.

ಈಗ ಮೈಕ್ ಮುಂದೆ ಕೂರುವ ಹಿಂದಿನ ದಿನ ಪೆನ್ಸಿಲ್ ಹಿಡಿದು ಸ್ಕ್ರಿಪ್ಟ್ ಓದುತ್ತೇನೆ. ಪ್ರತಿ ಪದಕ್ಕೂ ಒಂದೇ ಪ್ರಶ್ನೆ: ಇದನ್ನು ಯಾರ ಬಾಯಲ್ಲಾದರೂ ಕೇಳಿದ್ದೇನೆಯೇ, ಬರೀ ನೋಡಿದ್ದೇನೆಯೇ? ಬರೀ ನೋಡಿದ್ದಾದರೆ ಸುತ್ತ ಒಂದು ಗೆರೆ, ಆಮೇಲೆ ನಿಘಂಟು. ಕಳೆದ ವಾರ ಎ, ಡಬ್ಲ್ಯೂ, ಆರ್, ವೈ ಎಂಬ ನಾಲ್ಕಕ್ಷರದ ಪದಕ್ಕೆ ಗೆರೆ ಬಿತ್ತು. ಅಡ್ಡಾದಿಡ್ಡಿಯಾದದ್ದು, ಎಡವಟ್ಟಾದದ್ದು ಎಂದರ್ಥ. ಇಷ್ಟು ವರ್ಷ ಮನಸ್ಸಿನಲ್ಲಿ "ಆವ್ರಿ" ಎಂದು ಓದಿಕೊಂಡಿದ್ದೆ. ಪಕ್ಕದಲ್ಲಿ ಕನ್ನಡದಲ್ಲಿ "ಅರೈ" ಎಂದು ಬರೆದು, ರೈ ಕೆಳಗೆ ಎರಡು ಸಲ ಗೆರೆ ಎಳೆದೆ.